ಸಂಜೆ ಐದರ ರೊಟ್ಟಿ

ನಿನ್ನೆ ಏನು ಉಂಡಿರಿ ಎಂದು ಕೇಳುವುದು ನನ್ನ ಕೆಲಸ. ಚಿಕ್ಕೋಡಿಯ ಒಂದು ದವಾಖಾನೆಯಲ್ಲಿ, ಬಿ.ಪಿ., ಸಕ್ಕರೆ ಕಾಯಿಲೆ, ಎದೆಯ ತೊಂದರೆ ಇದ್ದವರು ಬರುವ ಕೋಣೆಯ ಬಾಗಿಲ ಪಕ್ಕ ನನಗೊಂದು ಮೇಜು ಕೊಟ್ಟಿದ್ದಾರೆ. ಡಾಕ್ಟರು ನೋಡುವುದಕ್ಕೆ ಮೊದಲು ಎಲ್ಲರೂ ನನ್ನ ಮುಂದೆ ಕೂತು ಏಳಬೇಕು. ನನ್ನ ಫಾರ್ಮಿನಲ್ಲಿ ಊಟಕ್ಕೆ ಮೂರು ಖಾನೆ: ಮುಂಜಾನೆ, ಮಧ್ಯಾಹ್ನ, ರಾತ್ರಿ. ಅದರ ಕೆಳಗೆ ತಂಬಾಕಿಗೆ ಒಂದು ಚೌಕ, ಕುಡಿತಕ್ಕೆ ಒಂದು ಚೌಕ. ರಾಯಬಾಗದ ಕಡೆಗೋ ನಿಪ್ಪಾಣಿಯ ಕಡೆಗೋ ಶಿಬಿರವಿದ್ದರೆ ಇದೇ ಫಾರ್ಮಿನ ಕಟ್ಟು ಹೊತ್ತುಕೊಂಡು ಅಲ್ಲಿಗೂ ಹೋಗುತ್ತೇನೆ.

ಕುಡಿತದ ಚೌಕದಲ್ಲಿ ಗುರುತು ಬಿದ್ದ ಗಂಡಸರ ಊಟ ನೋಡಿದರೆ ಸನ್ಯಾಸಿಗಳೂ ನಾಚಬೇಕು. ಮುಂಜಾನೆ ಬರೀ ಚಹಾ. ಮಧ್ಯಾಹ್ನ ಒಂದು ರೊಟ್ಟಿ. ರಾತ್ರಿ ಅರ್ಧ ರೊಟ್ಟಿ, ಇಲ್ಲವೆ ಒಂದು ಹಿಡಿ ಅನ್ನ, ಇಲ್ಲವೆ ಏನೂ ಇಲ್ಲ. "ಹಸಿವ ಆಗೂದಿಲ್ರಿ ಅಕ್ಕಾರ," ಅನ್ನುತ್ತಾರೆ. ಆದರೆ ಅವರ ಬಿ.ಪಿ. ಹೆಚ್ಚು, ರಕ್ತದ ಕೊಬ್ಬು ಹೆಚ್ಚು, ಹೊಟ್ಟೆ ಅಂಗಿಯ ಗುಂಡಿಯನ್ನು ಎಳೆಯುತ್ತಿರುತ್ತದೆ. ನಮ್ಮ ಡಾಕ್ಟರು ಒಮ್ಮೆ ನನ್ನ ಫಾರ್ಮುಗಳನ್ನು ತಿರುವಿ ಹಾಕಿ ನಕ್ಕರು.

"ನಿಮ್ಮ ಹಾಳಿ ಮ್ಯಾಲೆ ಎಲ್ಲಾರೂ ಉಪಾಸ ಅದಾರ್ರಿ. ಮತ್ತ ಈ ಹೊಟ್ಟಿ ಏನ್ ಗಾಳಿ ಕುಡದು ಬಂತೇನು?"

ನನಗೆ ನಗು ಬರಲಿಲ್ಲ. ಪೆನ್ನಿನ ಟೋಪಿ ತೆಗೆಯುತ್ತ ಹಾಕುತ್ತ ಕೂತೆ. ಲೆಕ್ಕ ತಪ್ಪಿದೆ ಅಂತ ಗೊತ್ತಾಗುತ್ತಿತ್ತು. ಎಲ್ಲಿ ತಪ್ಪಿದೆ ಅಂತ ಗೊತ್ತಾಗುತ್ತಿರಲಿಲ್ಲ.

ನಮ್ಮ ಮನೆತನದಲ್ಲಿ ಪದವಿ ಮುಗಿಸಿದ ಮೊದಲನೆಯವಳು ನಾನು. ಇದನ್ನು ನಾಚಿಕೆಯಿಲ್ಲದೆ ಹೇಳುತ್ತೇನೆ, ಪುಕ್ಕಟೆ ಬಂದದ್ದಲ್ಲ. ಅಪ್ಪ ತೀರಿದಾಗ ನಾನು ಏಳನೆಯ ಇಯತ್ತೆಯಲ್ಲಿದ್ದೆ. ಅಣ್ಣ ಹತ್ತನೆಯದನ್ನು ಅರ್ಧಕ್ಕೆ ಬಿಟ್ಟು ದ್ರಾಕ್ಷಿ ಪಡದಲ್ಲಿ ಕತ್ತರಿ ಹಿಡಿದ. ಧಾರವಾಡದಲ್ಲಿ ಆಹಾರ ಮತ್ತು ಪೋಷಣೆ ಓದಿ ನಾನು ಪದವಿಯ ಕಾಗದ ತಂದ ದಿನ ಅದಕ್ಕೆ ಗಾಜು ಹಾಕಿಸಿದವನು ಅವನೇ. ದೇವರ ಫೋಟೊದ ಪಕ್ಕದಲ್ಲಿ, ಅಪ್ಪನ ಫೋಟೊಗಿಂತ ಒಂದು ಗೇಣು ಮೇಲೆ, ಎರಡು ಮೊಳೆ ಸೊಟ್ಟ ಮಾಡಿ ಮೂರನೆಯದರಲ್ಲಿ ಅದನ್ನು ತೂಗು ಹಾಕಿದ. ಬಂದವರಿಗೆಲ್ಲ ತೋರಿಸಿ, "ನಮ್ಮ ತಂಗಿ ಉಣ್ಣೂದ್ರಾಗ ಡಿಗ್ರಿ ಮಾಡ್ಯಾಳ," ಅನ್ನುತ್ತಿದ್ದ. ಅವರು ನಕ್ಕರೆ ಅವನೂ ನಗುತ್ತಿದ್ದ.

ನಮ್ಮೂರು ಕಾಗವಾಡದ ಕಡೆ. ಅಣ್ಣ ಈಗ ಛಾಟಣಿ, ಅಂದರೆ ಬಳ್ಳಿ ಸವರುವ, ಗ್ಯಾಂಗಿನ ಮುಖ್ಯಸ್ಥ. ದ್ರಾಕ್ಷಿ ಬಳ್ಳಿಯ ಕಡ್ಡಿಯನ್ನು ಎಷ್ಟು ಕಣ್ಣಿಗೆ ಕತ್ತರಿಸಬೇಕು ಎಂದು ಅವನು ನಿಂತಲ್ಲೇ ಹೇಳುತ್ತಾನೆ; ಅಥಣಿ ಕಡೆಯ ತೋಟದವರೂ ಅವನನ್ನು ಕರೆಯುತ್ತಾರೆ. ಹೋದ ಅಕ್ಟೋಬರಿನ ಛಾಟಣಿಯಲ್ಲಿ ಒಂದು ಮಧ್ಯಾಹ್ನ ಕೈ ಮೇಲೆತ್ತಿ ಕತ್ತರಿಸುತ್ತಿದ್ದವನಿಗೆ ಎದೆ ಹಿಡಿದಂತಾಯಿತು. ಗ್ಯಾಸು ಅಂದುಕೊಂಡು ಸೋಡಾ ಕುಡಿದ. ಎಡಗೈ ಜೋಮು ಹಿಡಿಯಿತು. ಕತ್ತರಿ ಹಿಡಿದ ಕೈಗೆ ಅದು ಇದ್ದದ್ದೇ ಎಂದು ಬಳ್ಳಿಯ ಕೆಳಗೆ ಮಲಗಿದ. ಅಂಗಿ ತೋಯ್ದದ್ದನ್ನು ನೋಡಿ ಗ್ಯಾಂಗಿನವರೇ ಅವನನ್ನು ಜೀಪಿಗೆ ಹತ್ತಿಸಿ ಮಿರಜಿಗೆ ಒಯ್ದರು. ನಾನು ಚಿಕ್ಕೋಡಿಯಿಂದ ಎರಡು ಬಸ್ಸು ಬದಲಿಸಿ ಹೋದೆ. ಆ ದಾರಿಯುದ್ದಕ್ಕೂ ಒಂದು ಕಡೆ ಕೂರಲಿಲ್ಲ. ಸೀಟು ಖಾಲಿಯಿದ್ದರೂ ಬಾಗಿಲ ಹತ್ತಿರ ಕಂಬ ಹಿಡಿದು ನಿಂತಿದ್ದೆ.

ಮಿರಜಿನ ಡಾಕ್ಟರು ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಮಾತಾಡುವ ಮನುಷ್ಯ. "ಈಗ ಪಾರಾಗ್ಯಾರ. ಹೃದಯದ ನಳಿ ಸಣ್ಣ ಆಗೇತಿ. ಗುಳಿಗಿ ಬರದೇನಿ. ದಾರೂ ಏಕದಮ್ ಬಂದ್. ಉಪ್ಪು, ಎಣ್ಣಿ ಕಮ್ಮಿ. ಮೂರ್ ತಿಂಗಳಿಗೆ ಬರ್ರಿ. ಆಗೂ ಹಿಂಗ ಇದ್ರ ನಳಿಯೊಳಗ ತಂತಿ ಹಾಕಿ ನೋಡೂದ ಬೀಳತೈತಿ."

"ಊಟದ್ದು ನನಗ ಬಿಡ್ರಿ ಡಾಕ್ಟರ," ಅಂದೆ. ಅದು ನನ್ನ ಓದಿನ ಧೈರ್ಯ. ಅಪ್ಪನೂ ಹೀಗೆಯೇ ಎದೆ ಹಿಡಿದುಕೊಂಡು ಹೋದವನು. ಅವನ ಆಯುಷ್ಯಕ್ಕೂ ಅಣ್ಣನ ಈಗಿನ ವಯಸ್ಸಿಗೂ ಎರಡೇ ವರ್ಷದ ಅಂತರ. ಅಣ್ಣನನ್ನು ಆ ಎರಡು ವರ್ಷ ದಾಟಿಸಬೇಕು, ನನ್ನ ಓದು ಇನ್ನೇತಕ್ಕೆ ಅನ್ನುವುದೊಂದೇ ತಲೆಯಲ್ಲಿತ್ತು.

ಮನೆಗೆ ಬಂದವಳೇ ಒಂದು ಚೀಟಿ ಬರೆದೆ. ಚೀಟಿ ಅಂದರೆ ಪೂರ್ತಿ ಹಾಳೆ. ಏನು ತಿನ್ನಬೇಕು, ಏನು ಮುಟ್ಟಬಾರದು, ಎಷ್ಟು ಹೊತ್ತಿಗೆ. ಉಪ್ಪಿನಕಾಯಿ ಬಂದ್, ಹಪ್ಪಳ ಬಂದ್, ಕೆಂಪು ಚಟ್ನಿ ಬಂದ್, ಶೇಂಗಾ ಹಿಂಡಿಯ ಮೇಲೆ ಹುಯ್ಯುವ ಎಣ್ಣೆ ಬಂದ್. ಪಲ್ಯಕ್ಕೆ ಉಪ್ಪು ಚಿಟಿಕೆ. ಹಾಳೆಯನ್ನು ಅನ್ನದ ಅಗುಳಿನಿಂದ ಒಲೆಯ ಪಕ್ಕದ ಗೋಡೆಗೆ ಅಂಟಿಸಿದೆ. ವೈನಿ, ಅಂದರೆ ಅಣ್ಣನ ಹೆಂಡತಿ, ಸೊಂಟದ ಮೇಲೆ ಕೈಯಿಟ್ಟು ಓದಿದಳು.

"ಇದ್ರಾಗ ಏನ್ ಬಿಟ್ಟೀರಿ ಅನ್ನೂದ ಹೇಳ್ರಿ, ಲಗೂ ಮುಗೀತೈತಿ."

"ವೈನಿ, ಮಶ್ಕಿರಿ ಮಾಡಬ್ಯಾಡ. ಇದು ಅಂವನ ಜೀವದ್ದ ಮಾತು."

"ಮಾಡ್ತೇನಿ ತಗೋರಿ. ಉಪ್ಪ ಇಲ್ಲದ ಪಲ್ಯಾ ಉಣ್ಣೂದ ಕಲಿಸೂ ಡಿಗ್ರಿನೂ ಐತೇನ ಕೇಳ್ರಿ ಒಂದೀಟ."

ಮಾಡಿದಳು. ಸುಳ್ಳು ಹೇಳಬಾರದು, ಅಕ್ಷರಕ್ಕೆ ಅಕ್ಷರ ಮಾಡಿದಳು. ನಾನು ಚಿಕ್ಕೋಡಿಯಿಂದ ದಿನಾ ಫೋನು ಹಚ್ಚುತ್ತಿದ್ದೆ. "ಏನ್ ಉಂಡ?" ಎಂದರೆ, "ಏನ್ ಉಣತಾರ್ರಿ, ಬುತ್ತಿ ಕಟ್ಟಿ ಕೊಟ್ಟೇನಿ. ರಾತ್ರಿ ಅರ್ಧ ರೊಟ್ಟಿ ಮುರದು ಎದ್ದರು," ಅನ್ನುತ್ತಿದ್ದಳು. ಕುಡಿತದ ಮಾತು ಫೋನಿನಲ್ಲಿ ಬರುತ್ತಿರಲಿಲ್ಲ. ಅಣ್ಣನನ್ನು ಕೇಳಿದರೆ, "ಕಮ್ಮಿ ಮಾಡೇನವಾ. ಕ್ವಾರ್ಟರ್ ಇದ್ದದ್ದು ನೈಂಟಿ ಆಗೇತಿ," ಎಂದು ನಕ್ಕು ಇಟ್ಟುಬಿಡುತ್ತಿದ್ದ. ಅರ್ಧ ರೊಟ್ಟಿ, ಉಪ್ಪಿಲ್ಲದ ಪಲ್ಯ, ಕುಡಿತವೂ ಅರ್ಧ. ಇನ್ನೇನು ಬೇಕು? ಆದರೆ ಒಂದೂವರೆ ತಿಂಗಳಿಗೆ ಅವನನ್ನು ಚಿಕ್ಕೋಡಿಗೆ ಕರೆಸಿ ಬಿ.ಪಿ. ನೋಡಿಸಿದರೆ ಮಿರಜಿನಲ್ಲಿ ಇದ್ದುದಕ್ಕಿಂತ ಮೇಲೆ ಇತ್ತು. ತೂಕವೂ ಏರಿತ್ತು. ನಾನೇ ಎರಡು ಸಲ ಪಟ್ಟಿ ಕಟ್ಟಿ ನೋಡಿದೆ. ಮೂರನೆಯ ಸಲ ಕಟ್ಟಲು ಹೋದಾಗ, "ಕೈ ಬಿಡ ತಂಗೀ, ನನ್ನ ಕೈ ಅದು, ಬಾವ್ಯಾಗಿನ ನೀರಲ್ಲ, ಜಗ್ಗಿ ಜಗ್ಗಿ ನೋಡಾಕ," ಅಂದ.

ಆ ವಾರ ನನಗೆ ನಿದ್ದೆ ಸರಿ ಇರಲಿಲ್ಲ. ಮೇಜಿನ ಮುಂದೆ ಕೂತವರ ಮಾತಿಗೂ ಕಿವಿ ಕೊಡುತ್ತಿರಲಿಲ್ಲ. ಕಾಲು ತನ್ನಷ್ಟಕ್ಕೆ ಅಲ್ಲಾಡುತ್ತಿತ್ತು.

ಗುರುವಾರ ರಾಯಬಾಗದ ಕಡೆ ಶಿಬಿರವಿತ್ತು. ಪಾಲಬಾವಿಯಿಂದ ಕುರಿ ಕಾಯುವ ಮುದುಕನೊಬ್ಬ ಹೆಂಡತಿಯನ್ನು ಕರೆದುಕೊಂಡು ಬಂದಿದ್ದ. ಹೆಗಲ ಮೇಲೆ ಕಂಬಳಿ, ಬಿ.ಪಿ. ಮಾತ್ರ ಆಕಾಶಕ್ಕೆ. ನಾನು ಎಂದಿನಂತೆ ಕೇಳಿದೆ, ಅವನು ಎಂದಿನಂತೆ ಹೇಳಿದ. ಮುಂಜಾನೆ ಚಹಾ. ಮಧ್ಯಾಹ್ನ ಒಂದು ರೊಟ್ಟಿ. ರಾತ್ರಿ ಇಲ್ಲ. ಪಕ್ಕದಲ್ಲಿ ನಿಂತಿದ್ದ ಮುದುಕಿ ತಾಳಲಾರದೆ ಬಾಯಿ ಹಾಕಿದಳು.

"ಅಂಡಾ ಗಾಡಿದು ಯಾರ್ ಹೇಳ್ಬೇಕು, ನಿಮ್ಮಪ್ಪ ಬಂದು ಹೇಳ್ಬೇಕೇನು?"

"ಏ, ಅಕ್ಕಾರು ಊಟದ್ದು ಕೇಳಾಕತ್ತಾರ ಬೇ," ಅಂದ ಮುದುಕ. "ಅದೇನ್ ಊಟಾ? ಅದು ಚಕಣಾ."

"ಹೊಟ್ಟ್ಯಾಗ ಹೋಗೂದಿಲ್ಲೇನು ಅದು? ಕಂಬಳ್ಯಾಗ ಹೋಗತೈತೇನು?"

ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ನಾನು ಪೆನ್ನು ಕೆಳಗಿಟ್ಟು, "ಕಾಕಾ, ಸಂಜಿಕೆ ಕುಡಿಯೂ ಮುಂದ ಏನೇನ್ ತಿಂತೀರಿ? ಒಂದೊಂದ ಹೇಳ್ರಿ," ಅಂದೆ. ಮುದುಕ ಬೆರಳು ಮಡಚತೊಡಗಿದ. ಉಪ್ಪು ಹಚ್ಚಿ ಹುರಿದ ಶೇಂಗಾ. ಬೇಯಿಸಿದ ತತ್ತಿ ಎರಡು, ಉಪ್ಪು ಖಾರ ಉದುರಿಸಿ. ಭಜಿ. ಸಂತೆ ದಿನ ಎಣ್ಣೆಯಲ್ಲಿ ಕರಿದ ಕುರಿಯ ಕಲೀಜಿ. ಕೆಲವು ದಿನ ಒಣ ಮೀನು, ಅದು ಉಪ್ಪಿನದೇ ಗಡ್ಡೆ. ಅವನ ಬೆರಳು ಮುಗಿದವು. ಮೂರು ಖಾನೆಯಲ್ಲಿ ಒಂದರಲ್ಲೂ ಇದಕ್ಕೆ ಜಾಗ ಇರಲಿಲ್ಲ. ತಾಟು ಹಾಕಿಕೊಂಡು ಮನೆಯಲ್ಲಿ ಕೂತು ಉಂಡರೆ ಮಾತ್ರ ನಮ್ಮಲ್ಲಿ ಊಟ. ನಿಂತು, ಪೇಪರಿನಲ್ಲಿ, ಗ್ಲಾಸಿನ ಜೊತೆಗೆ ಹೋದದ್ದನ್ನು ಯಾರೂ ತಿಂದದ್ದು ಅಂತ ಹಿಡಿಯುವುದಿಲ್ಲ. ಹೇಳುವವರು ಮುಚ್ಚಿಟ್ಟಿರಲಿಲ್ಲ. ನಾನೇ ಕೇಳಿರಲಿಲ್ಲ. ಡಿಗ್ರಿ ಮಾಡಿದವಳು, ನಾನೇ ಕೇಳಿರಲಿಲ್ಲ.

ಅಲ್ಲೇ ಕೂತು ಸ್ಕೇಲಿಲ್ಲದೆ ಮಧ್ಯಾಹ್ನಕ್ಕೂ ರಾತ್ರಿಗೂ ನಡುವೆ ಒಂದು ಗೆರೆ ಎಳೆದು 'ಸಂಜೆ' ಎಂದು ಬರೆದೆ. ಗೆರೆ ಸೊಟ್ಟಗಾಯಿತು. ಕಟ್ಟಿನಲ್ಲಿದ್ದ ಎಲ್ಲ ಫಾರ್ಮಿಗೂ ಎಳೆಯುತ್ತ ಹೋದೆ.

ಶನಿವಾರ ಮಧ್ಯಾಹ್ನ ಯಾರಿಗೂ ಹೇಳದೆ ಊರಿನ ಬಸ್ಸು ಹತ್ತಿದೆ. ಮನೆಗೆ ಹೋಗಲಿಲ್ಲ. ಅಣ್ಣನ ಗ್ಯಾಂಗು ಆಗ ಕಾಯಿ ವಿರಳ ಮಾಡುವ ಕೆಲಸದಲ್ಲಿತ್ತು. ಗೊಂಚಲು ದಟ್ಟವಾದರೆ ಸಣ್ಣ ಕಾಯಿಗಳನ್ನು ಕತ್ತರಿಸಿ ಬಿಡಿಸಬೇಕು, ಕತ್ತು ಮೇಲೆ ಮಾಡಿ ದಿನವಿಡೀ. ಐದಕ್ಕೆ ಕೆಲಸ ಬಿಡುತ್ತಾರೆ. ನಾನು ಹೋಗುವಷ್ಟರಲ್ಲಿ ಐದೂವರೆಯಾಗಿತ್ತು. ರಸ್ತೆಯ ಬೇವಿನ ಮರದ ಕೆಳಗೆ ಅಂಡಾ ಗಾಡಿ ನಿಂತಿತ್ತು. ಅದರ ಹಿಂದೆ ಕಲ್ಲಿನ ಮೇಲೆ ಅಣ್ಣ ಮತ್ತು ಮೂವರು ಗೆಳೆಯರು. ನಡುವೆ ಎರಡು ಪ್ಲೇಟು.

"ಲೇ, ನಿನ್ನ ಚೀಟಿ ಬಂತ ಲೇ, ಮುಚ್ಚ್!" ಅಂದ ಒಬ್ಬ.

ಅಣ್ಣ ಗ್ಲಾಸನ್ನು ಕಲ್ಲಿನ ಹಿಂದೆ ಸರಿಸಿದ. ನಾನು ಹೋಗಿ ಅವನ ಎದುರು ಕೂತೆ. ಹೆಣ್ಣುಮಗಳು ಅಲ್ಲಿ ಕೂರುವ ಪದ್ಧತಿಯಿಲ್ಲ. ಗಾಡಿಯವನು ತತ್ತಿ ಸುಲಿಯುವುದನ್ನು ನಿಲ್ಲಿಸಿ ನೋಡಿದ.

"ತಂಗೆವ್ವಾ, ಶೇಂಗಾ ತಿನ್ರಿ. ಇದಕ್ಕ ಡಾಕ್ಟರ್ ಚೀಟಿ ಬೇಕಾಗೂದಿಲ್ಲ," ಎಂದ ಇನ್ನೊಬ್ಬ ಗೆಳೆಯ. ಅವನೇ ಮುಂದೆ ಹೇಳಿದ, "ಸಿಟ್ಟಿಗೇಳಬ್ಯಾಡ್ರಿ. ಮೊದಲ ಇಂವಂದು ಒಂದ ಪ್ಲೇಟ್ ಇತ್ತು. ನೀವು ಮನ್ಯಾಗ ಚೀಟಿ ಹಚ್ಚಿದ ಮ್ಯಾಲೆ ಎರಡ ಆಗ್ಯಾವ."

"ಎರಡ ಯಾಕ?" ಅಂದೆ.

"ಬುತ್ತಿ ಎಲ್ಲಿ ಉಣತಾನ್ರಿ? ನಾಯಿಗೆ ಹಾಕ್ತಾನ. ನಾಯಿನೂ ಮೂಸಿ ನೋಡಿ ಹೋಗತೈತಿ."

ಎಲ್ಲರೂ ನಕ್ಕರು. ಅಣ್ಣ ನಗಲಿಲ್ಲ. ನಾನು ಚೀಲದಿಂದ ಫಾರ್ಮು ತೆಗೆದು ಮೊಣಕಾಲ ಮೇಲಿಟ್ಟುಕೊಂಡೆ.

"ಅಣ್ಣಾ, ನಿನ್ನೆ ಏನ್ ತಿಂದಿ?"

"ಇಲ್ಲಿ ಬ್ಯಾಡ ತಂಗೀ."

"ಇಲ್ಲೇ. ಹೇಳು."

ಹೇಳಿದ. ಮುಂಜಾನೆ ಚಹಾ. ಮಧ್ಯಾಹ್ನ ನಾಯಿಗೆ ಹೋದದ್ದು. ಸಂಜೆ ಖಾಲಿ ಹೊಟ್ಟೆಗೆ ಕ್ವಾರ್ಟರ್. ನೈಂಟಿ ಅನ್ನುವುದು ನನಗೆ ಹೇಳಿದ ಲೆಕ್ಕ. ಜೊತೆಗೆ ತತ್ತಿ ಮೂರು, ಶೇಂಗಾ, ಭಜಿ, ಕಲೀಜಿ. ಮನೆಗೆ ಹೋಗಿ ಹೊರಗೆ ಪಡಸಾಲೆಯಲ್ಲೇ ಅರ್ಧ ರೊಟ್ಟಿ ಮುರಿದು ಎದ್ದದ್ದು. ನನ್ನ 'ಸಂಜೆ' ಖಾನೆ ಸಾಲದೆ ಅಂಚಿಗೆ ಬರೆದೆ.

"ಗುಳಿಗಿ?"

"ಸೋಮವಾರ, ಗುರುವಾರ ತಗೋತೇನಿ. ಅವು ದೇವರ ವಾರ."

"ಬಾಕಿ ದಿನ?"

"ಬಾಕಿ ದಿನ ಕುಡೀತೇನಲಾ. ಕುಡದ ದಿನ ಗುಳಿಗಿ ಹಾಕಬಾರದು ಅಂತಾರ. ಒಳಗ ಜಗಳ ಬೀಳತಾವು."

ಗೆಳೆಯರು ಹೌದೆಂದು ತಲೆಯಾಡಿಸಿದರು, ಎಲ್ಲರಿಗೂ ಗೊತ್ತಿರುವ ಮಾತು ಎಂಬಂತೆ. ವಾರಕ್ಕೆ ಐದು ದಿನ ಅವನ ಎದೆ ಗುಳಿಗೆಯಿಲ್ಲದೆ ಓಡುತ್ತಿತ್ತು. ಎದ್ದು ನಿಂತೆ. ಗಾಡಿಯ ಸುತ್ತ ಒಂದು ಸುತ್ತು ಹಾಕಿ ಬಂದೆ. ಮತ್ತೆ ಕೂತೆ. ಅಲ್ಲಿಂದಲೇ ನಮ್ಮ ಡಾಕ್ಟರಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದೆ. "ಕುಡಿಯೂದ ಬಿಡ್ಬೇಕು, ಗುಳಿಗಿ ಅಲ್ಲ," ಎಂದರು ಅವರು. "ತಮ್ಮಷ್ಟಕ್ಕ ತಾವ ಗುಳಿಗಿ ಬಿಟ್ಟವರ ಇಲ್ಲಿ ಉಸುರು ಹಿಡಕೊಂಡು ಬರತಾರ. ಕುಡಿತದ್ದು ಮುಚ್ಚಿಡಬ್ಯಾಡ್ರಿ, ನಿಮ್ಮ ಮಿರಜ ಡಾಕ್ಟರಿಗೂ ಹೇಳ್ರಿ." ಗೆಳೆಯರ ನಗು ನಿಂತಿತು. ಒಬ್ಬ ತನ್ನ ಅಂಗಿಯ ಜೇಬು ಮುಟ್ಟಿ ನೋಡಿಕೊಂಡ. ಅವನದೂ ಬಿ.ಪಿ. ಗುಳಿಗೆ ಇರಬೇಕು.

ನಾನು ಅಣ್ಣನ ಕಡೆ ತಿರುಗಿದೆ. "ಹಸದು ಹಸದು ಯಾಕ ಇಲ್ಲಿಗೆ ಬರ್ತಿ? ಮನಿಗೆ ಬಂದು ಉಣ್ಣಾಕ ಏನಾಗೇತಿ ನಿನಗ?"

ಅವನು ರಸ್ತೆಯ ಕಡೆ ನೋಡಿದ. "ಕುಡದ ಬಾಯಿಲೆ ಅವ್ವನ ಮುಂದ ಕುಂದ್ರೂದಿಲ್ಲ ನಾನು."

ಇದನ್ನು ನನಗೆ ಯಾರೂ ವಿವರಿಸಬೇಕಾಗಿರಲಿಲ್ಲ. ನಾನೂ ಅದೇ ಮನೆಯಲ್ಲಿ ಬೆಳೆದವಳು. ಕುಡಿದವನು ಹಿರಿಯರ ಮುಂದೆ ತಾಟಿಗೆ ಕೂರಬಾರದು. ಅಡುಗೆಮನೆಯಲ್ಲಿ ದೇವರ ಜಗಲಿ ಇದೆ, ಒಳಗೆ ಕಾಲಿಡಬಾರದು. ಕುಡಿದು ಬರುವ ಅಪ್ಪನ ತಾಟು ಹೊರಗೆ ಪಡಸಾಲೆಯಲ್ಲಿ ಮತ್ತೊಂದು ತಾಟು ಮುಚ್ಚಿಕೊಂಡು ಕೂತಿರುತ್ತಿತ್ತು. ಅಪ್ಪ ಒಂದು ದಿನವೂ ಅವ್ವನಿಗೆ ಎದುರಾಡಿದವನಲ್ಲ, ತನ್ನ ತಾಯಿಯ ಎದುರು ಬೀಡಿ ಸೇದಿದವನಲ್ಲ. ಮರ್ಯಾದೆಯ ಮನುಷ್ಯ ಅಂತ ಇಡೀ ಓಣಿ ಹೊಗಳುತ್ತಿತ್ತು. ಅಣ್ಣನನ್ನೂ ಹಾಗೆಯೇ ಹೊಗಳುತ್ತದೆ. ಆ ಮರ್ಯಾದೆಯೇ ಅವನನ್ನು ದಿನಾ ಸಂಜೆ ಈ ಗಾಡಿಗೆ ತಂದು ಕೂರಿಸಿತ್ತು. ನಾನು ಬರೆದ ಹಾಳೆ ಅವನ ಮಧ್ಯಾಹ್ನದ ಹೊಟ್ಟೆಯನ್ನೂ ಖಾಲಿ ಮಾಡಿ ಕಳಿಸಿತ್ತು.

ಮನೆಗೆ ಹೋದಾಗ ಅವ್ವ ರೊಟ್ಟಿ ಬಡಿಯುತ್ತಿದ್ದಳು. ವೈನಿ ಬೆಂಕಿಯ ಮುಂದೆ. ನಮ್ಮ ಮನೆಯಲ್ಲಿ ಕುಡಿತ ಅನ್ನುವ ಶಬ್ದವನ್ನು ಅವ್ವನ ಮುಂದೆ ಯಾರೂ ಉಚ್ಚರಿಸಿದ್ದಿಲ್ಲ. 'ತಡಾ ಆತು' ಅಂತೇವೆ, 'ಗೆಳೆಯಾರ ಸಿಕ್ಕಿದ್ದರು' ಅಂತೇವೆ. ನಾನು ನೀರು ಕುಡಿದೆ. ಹೊರಗೆ ಹೋಗಿ ಬಂದೆ. ಮತ್ತೆ ನೀರು ಕುಡಿದೆ.

"ಏನ ಅದು, ಕಾಲಾಗ ಇರಿವಿ ಹೊಕ್ಕಂಗ ತಿರಗಾಕತ್ತಿ? ಹೇಳೂದಿದ್ದರ ಹೇಳು," ಅಂದಳು ಅವ್ವ.

ಹೇಳಿದೆ. ಒಂದೇ ಉಸಿರಿಗೆ ಹೇಳಿದೆ, ಗುಳಿಗೆಯದ್ದು, ನಾಯಿಯದ್ದು, ಎರಡು ಪ್ಲೇಟಿನದ್ದು. ಅವ್ವನ ಕೈ ರೊಟ್ಟಿಯ ಮೇಲೆ ನಿಲ್ಲಲಿಲ್ಲ. ಬಡಿದು, ಎತ್ತಿ, ಹಂಚಿಗೆ ಹಾಕಿದಳು.

"ನನಗ ಗೊತ್ತಿಲ್ಲ ಅಂತ ತಿಳದಾನೇನು ಅಂವ? ನಿಮ್ಮಪ್ಪಂದೂ ಹಿಂಗ ತಾಟ ಮುಚ್ಚಿಡ್ತಿದ್ನಿ. ಮುಂಜಾನಿ ತಗದು ಎಮ್ಮಿಗೆ ಹಾಕ್ತಿದ್ನಿ. ಎಮ್ಮಿ ದಪ್ಪ ಆತು, ಅಂವ ಹ್ವಾದ."

"ಇನ್ನ್ ಮ್ಯಾಲೆ ಕುಡದ ಬಂದ್ರೂ ಒಳಗ ಬಂದು ಉಣ್ಣು ಅಂತ ಹೇಳ ಯವ್ವಾ. ನೀ ಹೇಳಿದ್ರ ಕೇಳ್ತಾನ."

ಅವ್ವ ತಲೆಯೆತ್ತಿ ನನ್ನನ್ನು ನೋಡಿದಳು. ಓದಿದ ಮಗಳು ಇಷ್ಟು ದಡ್ಡಳೇ ಎಂಬ ನೋಟ ಅದು. "ನಾ ಹಂಗ ಅಂದ್ರ, ಕುಡಿ ಅಂದಂಗ ಆತಲ್ಲ. ಅಂವ ನಾಚೂದರ ಉಳೀಲಿ." ಇನ್ನೊಂದು ಉಂಡೆ ಹಿಟ್ಟು ಕೈಗೆ ತೆಗೆದುಕೊಂಡು ಕೇಳಿದಳು, "ಕೆಲಸ ಎಷ್ಟಕ್ಕ ಬಿಡತಾರ?"

"ಐದಕ್ಕ."

"ಗಾಡಿ ಮುಂದ ಹೋಗಿ ಕುಂದ್ರೂದು?"

"ಐದೂವರಿ."

"ಹಂಗಾರ ಐದಕ್ಕ ನಾ ಹೋಗತೇನಿ."

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ವೈನಿಗೆ ಮೊದಲು ಅರ್ಥವಾಯಿತು; ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ಕುಡಿದ ಮೇಲೆ ಅವನು ಅವ್ವನ ಮುಂದೆ ಕೂರುವುದಿಲ್ಲ. ಕುಡಿಯುವ ಮೊದಲು ಅವ್ವ ಬಂದು ಕೂತರೆ ಎದ್ದು ಹೋಗುವುದು ಹೇಗೆ?

ಅವ್ವ ಎದ್ದು ಒಲೆಯ ಪಕ್ಕದ ಗೋಡೆಯ ಹಾಳೆಯ ಮುಂದೆ ನಿಂತಳು. ಅವಳಿಗೆ ಓದಲು ಬರುವುದಿಲ್ಲ. "ಇದ್ರಾಗ ಒಂದೀಟ ಉಪ್ಪು ಬರಿ," ಅಂದಳು. "ನಾಯಿ ಉಣ್ಣೂವಷ್ಟರ ಬರಿ."

ಅವತ್ತು ನಾನು ಮತ್ತು ವೈನಿ ಕೂತು ಬೇರೆ ಹಾಳೆ ಬರೆದೆವು. ವೈನಿ ಹೇಳಿದಳು, ನಾನು ಬರೆದೆ. ಉಪ್ಪಿನ ಕೈ ಹಿಡಿದು ಅದರ ಬದಲು ಬೆಳ್ಳುಳ್ಳಿ, ಹುಣಸೆ, ಹಸಿಮೆಣಸು. ಮೊಳಕೆ ಬರಿಸಿದ ಮಡಕಿ ಕಾಳಿನ ಉಸಳಿ. ಮೆಂತ್ಯೆ ಸೊಪ್ಪು, ಹಸಿ ಸೌತೆಕಾಯಿ. ಶೇಂಗಾ ಹಿಂಡಿ ಒಂದು ಚಮಚ, ಮೇಲೆ ಎಣ್ಣೆಯ ಬದಲು ಮೊಸರು. ಕಾಲೇಜಿನಲ್ಲಿ ಇದೆಲ್ಲ ನನಗೆ ಬರುತ್ತಿತ್ತು. ಆದರೆ ನನ್ನ ಮೊದಲ ಹಾಳೆಯ ತುಂಬ 'ಬಂದ್' ಅನ್ನುವುದೇ ಇತ್ತು. ಹೆದರಿದ ಕೈ ಬರೆದದ್ದು ಅದು.

ದೇವರ ವಾರ ಕಳೆದು ಮಂಗಳವಾರದಿಂದ ಅವ್ವ ನಾಲ್ಕೂಮುಕ್ಕಾಲಿಗೆ ಗಂಟು ಕಟ್ಟಿಕೊಂಡು ಹೊರಟಳು. ಆ ಮೊದಲ ದಿನದ್ದನ್ನು ವೈನಿ ಫೋನಿನಲ್ಲಿ ನಗುತ್ತ ಹೇಳಿದಳು. ಅಣ್ಣ ಕತ್ತರಿ ಒರೆಸುತ್ತಿದ್ದನಂತೆ. ಅವ್ವ ಬದುವಿನ ಮೇಲೆ ಕೂತು ಗಂಟು ಬಿಚ್ಚಿದಳಂತೆ.

"ಯವ್ವಾ, ನೀ ಯಾಕ ಬಂದಿ ಇಷ್ಟ ದೂರ?"

"ಮನ್ಯಾಗ ಬ್ಯಾಸರಾತು. ಉಣ್ಣು."

"ಹಸಿವಿಲ್ಲ."

"ಹಸಿವಾಗೂ ತನಕ ಕುಂದರ್ತೇನಿ. ನನಗೇನ್ ಕೆಲಸ ಐತಿ."

ಅವನು ಉಂಡ. ಗೆಳೆಯರು ಬೇವಿನ ಮರದ ಕಡೆ ನಡೆದವರು ಹಿಂದೆ ಬಂದು ನಿಂತರು. ಅವ್ವ ಅವರ ಕೈಯಲ್ಲೂ ಒಂದೊಂದು ರೊಟ್ಟಿ ಇಟ್ಟಳು. ಉಂಡ ಮೇಲೆ ಅವನ ಅಂಗೈಗೆ ಗುಳಿಗೆ ಹಾಕಿ, ನೀರಿನ ತಂಬಿಗೆ ಕೊಟ್ಟು, ನುಂಗುವವರೆಗೆ ಬಾಯನ್ನೇ ನೋಡಿದಳು. ಕುಡಿತದ ಬಗ್ಗೆ ಒಂದು ಅಕ್ಷರ ಆಡಲಿಲ್ಲ. ಎದ್ದು ಬಂದಳು.

ಆಮೇಲೆ ಅವನು ಗಾಡಿಗೆ ಹೋದನೇ? ಹೋದ. ಇದನ್ನು ಮುಚ್ಚಿಡುವುದಿಲ್ಲ. ಆದರೆ ಹೊಟ್ಟೆ ತುಂಬಿತ್ತು. ಪ್ಲೇಟು ಮುಟ್ಟಲಿಲ್ಲ, ಕ್ವಾರ್ಟರ್ ಪೂರ್ತಿ ಇಳಿಯಲಿಲ್ಲ. "ಮಜಾನ ಹೋತ್ ಲೇ ನಿಮ್ಮವ್ವನ ರೊಟ್ಟಿ ತಿಂದು," ಎಂದು ಗೆಳೆಯರು ಬೈದರಂತೆ.

ಅವ್ವನಿಗೆ ನಾನು ಒಂದು ಕೆಲಸ ಹೇಳಿಕೊಟ್ಟೆ: ಅವನು ಉಂಡು ಗುಳಿಗೆ ನುಂಗಿದ ಮೇಲೆ ನನಗೆ ಒಂದು ರಿಂಗು ಕೊಟ್ಟು ಇಡಬೇಕು. ನಾನು ಎತ್ತುವುದಿಲ್ಲ. ಐದು ಗಂಟೆ ಆಯಿತೆಂದರೆ ನನಗೆ ಮೇಜಿನ ಹಿಂದೆ ಕೂರಲಾಗುತ್ತಿರಲಿಲ್ಲ. ಫೋನು ಫಾರ್ಮುಗಳ ಮೇಲೆ, ನನ್ನ ಕಣ್ಣು ಫೋನಿನ ಮೇಲೆ. ಐದೂ ಇಪ್ಪತ್ತಕ್ಕೆ ಒಂದು ರಿಂಗು. ಕೆಲವು ದಿನ ಐದೂವರೆಯಾದರೂ ಇಲ್ಲ. ಆಗ ದವಾಖಾನೆಯ ಜಗಲಿಯ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದೆ. ಕಸ ಹೊಡೆಯುವ ಹೆಂಗಸು, "ಅಕ್ಕಾರ, ನಾ ಹೊಡದ ಜಾಗಾನ ಸವಸಾಕತ್ತೀರಿ," ಅನ್ನುತ್ತಿದ್ದಳು. ಎರಡು ದಿನ ರಿಂಗೇ ಬರಲಿಲ್ಲ. ಒಂದು ದಿನ ಅವ್ವನಿಗೆ ಜ್ವರ. ಇನ್ನೊಂದು ದಿನ ಅಣ್ಣ ನಾಲ್ಕೂವರೆಗೇ ಕೆಲಸ ಬಿಟ್ಟು ಬೇರೆ ದಾರಿ ಹಿಡಿದು ಹೋಗಿದ್ದ. ಅವ್ವ ಗಂಟು ಬಿಚ್ಚದೆ ಹಿಂದೆ ತಂದಳು. ಮರುದಿನ ಮತ್ತೆ ಹೋದಳು, ನಾಲ್ಕಕ್ಕೆ.

ಜನವರಿಯಲ್ಲಿ ಮಿರಜಿಗೆ ಹೋದೆವು, ನಾನು ಮತ್ತು ಅಣ್ಣ. ಕಾಯುವ ಕುರ್ಚಿಯಲ್ಲಿ ಅವನು ಕಾಲು ಅಲ್ಲಾಡಿಸುತ್ತಿದ್ದ, ನಾನೂ ಅಲ್ಲಾಡಿಸುತ್ತಿದ್ದೆ. ಕಬ್ಬಿಣದ ಸಾಲು ಕುರ್ಚಿ ಪೂರ್ತಿ ನಡುಗಿ ಆ ತುದಿಯಲ್ಲಿದ್ದ ಅಜ್ಜಿ ನಮ್ಮನ್ನು ತಿರುಗಿ ನೋಡಿದಳು. ಒಳಗೆ ಡಾಕ್ಟರು ಕೇಳಿದರು, "ಊಟಾ ಏನ್ ಮಾಡ್ತೀರಿ?"

ನಾನು ಬಾಯಿ ತೆರೆದೆ. ಅಣ್ಣ ಕೈ ಅಡ್ಡ ತಂದ. "ನಾ ಹೇಳ್ತೇನ್ರಿ," ಎಂದು ಮುಂಜಾನೆಯಿಂದ ಶುರುಮಾಡಿದ. ಸಂಜೆಗೆ ಬಂದಾಗ ತಡೆದು, ನನ್ನ ಕಡೆ ನೋಡಿ, ಎಲ್ಲವನ್ನೂ ಹೇಳಿದ. ಎಷ್ಟು ದಿನ ಗುಳಿಗೆ ಬಿಟ್ಟಿದ್ದ, ಗಾಡಿಯಲ್ಲಿ ಏನೇನು ತಿನ್ನುತ್ತಿದ್ದ, ಈಗ ವಾರದಲ್ಲಿ ಎಷ್ಟು ದಿನ, ಎಷ್ಟು ಕುಡಿಯುತ್ತಾನೆ. ಡಾಕ್ಟರು ಬರೆಯುವುದನ್ನು ನಿಲ್ಲಿಸಿ ಕೇಳಿದರು. ಅಷ್ಟು ನೆಟ್ಟಗೆ ಹೇಳಿದ ಪೇಷಂಟು ಅವರಿಗೂ ಅಪರೂಪ ಇರಬೇಕು.

ಬಿ.ಪಿ. ಇಳಿದಿತ್ತು. ಬೇಕಾದಷ್ಟಲ್ಲ. ತೂಕ ಎರಡು ಕಿಲೊ ಕಡಿಮೆ. ಯಂತ್ರದ ಮೇಲೆ ಓಡಿಸಿ ನೋಡಿದರು. "ತಂತಿ ಈಗ ಬ್ಯಾಡ. ಇನ್ನೊಂದ ಮೂರ್ ತಿಂಗಳು," ಅಂದರು. ನಾನು ಉಸಿರು ಬಿಡುವಷ್ಟರಲ್ಲಿ ಬೆರಳೆತ್ತಿದರು. "ಖುಷಿ ಆಗಬ್ಯಾಡ್ರಿ. ನಳಿ ಸಣ್ಣ ಆದದ್ದು ಹಂಗ ಐತಿ. ಹೊಟ್ಟಿ ತುಂಬಿಸಿ ಕುಡದ್ರ ದಾರೂ ಔಷಧ ಆಗೂದಿಲ್ಲ. ಕಮ್ಮಿ ಅಂದ್ರ ಕಮ್ಮಿ ಅಲ್ಲ, ಬಂದ್. ಬಿಡೂದ ಆಗವಲ್ದು ಅಂದ್ರ ಅದಕ್ಕೂ ಡಾಕ್ಟರ್ ಅದಾರ, ನಾಚಬ್ಯಾಡ್ರಿ."

ಹಿಂದಿರುಗುವ ಬಸ್ಸಿನಲ್ಲಿ ಐದಾಯಿತು. ಅಣ್ಣನ ಕೈ ನೋಡಿದೆ. ಬೆರಳುಗಳು ಕತ್ತರಿ ಹಿಡಿದಂತೆ ಮುಚ್ಚಿ ತೆರೆಯುತ್ತಿದ್ದವು. ಗಡಿ ದಾಟಿದರೆ ಎರಡೂ ಬದಿ ಬಾರುಗಳ ಫಲಕಗಳು, ಸಾಲು ಅಂಗಡಿಗಳು, ಗಾಡಿಗಳು. ಅವನು ಕಿಟಕಿಯಿಂದ ಮುಖ ತಿರುಗಿಸಿ ಎದುರು ಸೀಟಿನ ಕಂಬಿ ನೋಡಿದ. ಅವ್ವ ಕಟ್ಟಿಕೊಟ್ಟಿದ್ದ ಗಂಟನ್ನು ನಾನು ಅವನ ತೊಡೆಯ ಮೇಲಿಟ್ಟೆ. ಬಿಚ್ಚಲಿಲ್ಲ.

"ಮನ್ಯಾಗ ಉಣತೇನಿ," ಅಂದ.

ನಮ್ಮೂರು ಬಂತು, ಅಣ್ಣ ಇಳಿದ. ಬೇವಿನ ಮರ ನಿಲ್ದಾಣದಿಂದ ಎಡಕ್ಕೆ, ಮನೆ ಬಲಕ್ಕೆ. ನಾನು ಕಿಟಕಿಗೆ ಹಣೆ ಹಚ್ಚಿದೆ. ಅವನು ಗಂಟನ್ನು ಕಂಕುಳಲ್ಲಿ ಹಿಡಿದು ಚಪ್ಪಲಿ ಸರಿಮಾಡಿಕೊಳ್ಳುತ್ತ ನಿಂತಿದ್ದ. ಗೆಳೆಯನೊಬ್ಬ ಮರದ ಕಡೆಯಿಂದ ಕೈ ಬೀಸಿ ಕರೆಯುತ್ತಿದ್ದ. ಬಸ್ಸು ಹೊರಟಿತು.

ನಾನು ಮತ್ತೆ ಎದ್ದು ಬಾಗಿಲ ಹತ್ತಿರ ನಿಂತೆ. ಕಂಡಕ್ಟರು, "ಕುಂದರ್ರಿ ಅಕ್ಕಾರ, ಚಿಕ್ಕೋಡಿ ಇನ್ನೂ ದೂರ ಐತಿ," ಅಂದ. ಕೂರಲಿಲ್ಲ. ಐದೂವರೆ. ಆರು. ಒಂದು ರಿಂಗೂ ಇಲ್ಲ. ನಾನಾಗಿ ಹಚ್ಚಲು ಧೈರ್ಯ ಬರಲಿಲ್ಲ. ಹಚ್ಚಿದರೆ ವೈನಿ 'ಇನ್ನೂ ಬಂದಿಲ್ರಿ' ಎಂದರೆ? ಬಸ್ಸು ಕೃಷ್ಣೆಯ ಸೇತುವೆಯ ಮೇಲೆ ಬಂದಾಗ ಕತ್ತಲಾಗುತ್ತಿತ್ತು. ಆಗ ಫೋನು ಬಡಿದುಕೊಂಡಿತು. ಒಂದು ರಿಂಗಿಗೆ ನಿಲ್ಲಲಿಲ್ಲ. ಎರಡು, ಮೂರು. ಎತ್ತಿದೆ.

ಅಣ್ಣನ ದನಿ. ಹಿಂದೆ ತಾಟಿನ ಸಪ್ಪಳ, ವೈನಿಯ ಮಾತು.

"ತಂಗೀ, ಪೆನ್ ಐತೇನ? ಬರ್ಕೋ. ಎರಡ ರೊಟ್ಟಿ, ಉಸಳಿ, ಸೌತಿಕಾಯಿ. ಒಳಗ ಕುಂತ ಉಂಡೇನಿ. ಅವ್ವ ಎದುರಿಗೆ ಅದಾಳ."

"ಗುಳಿಗಿ?"

"ನುಂಗಿದೆ. ಬಾಯಿ ತಗದು ತೋರಸಂತಾಳ ಅವ್ವ, ನಾ ಏನ್ ಕೂಸೇನು?"

ಆ ಕಡೆ ಅವ್ವ ಏನೋ ಅಂದಳು, ಎಲ್ಲರೂ ನಕ್ಕರು. ಫೋನು ಇಟ್ಟ. ನಾನು ಬಸ್ಸಿನ ಅಲುಗಾಟದಲ್ಲೇ ಚೀಲದಿಂದ ಒಂದು ಫಾರ್ಮು ತೆಗೆದು, ಸೊಟ್ಟ ಗೆರೆಯ 'ಸಂಜೆ' ಖಾನೆಯಲ್ಲಿ ಅವನು ಹೇಳಿದ್ದನ್ನು ಬರೆದೆ. ಕುಡಿತದ ಚೌಕವನ್ನು ಆ ಒಂದು 'ಸಂಜೆ'ಗೆ ಖಾಲಿ ಬಿಟ್ಟೆ. ಬರೆದದ್ದು ಮುಗಿಯಿತು, ಆದರೂ ಸೀಟಿಗೆ ಹೋಗಿ ಕೂರಲಾಗಲಿಲ್ಲ. ಚಿಕ್ಕೋಡಿಯ ದೀಪಗಳು ಕಾಣುವವರೆಗೂ ಬಾಗಿಲ ಕಂಬ ಹಿಡಿದೇ ನಿಂತಿದ್ದೆ. ನಾಳೆಯೂ ಐದು ಗಂಟೆಯಾಗುತ್ತದೆ.